ಕಾಪಿ ಫೋಟೋದ ಹಿಂದಿನ ಸೀಲು

ಅರಸೀಕೆರೆಯಲ್ಲಿ ಅಪ್ಪ ಸ್ಟುಡಿಯೋ ಇಟ್ಟಿದ್ದಾಗ, ಮದುವೆ ಸೀಸನ್ ಬಿಟ್ಟರೆ ಹೆಚ್ಚಾಗಿ ಬರುತ್ತಿದ್ದದ್ದು ಕಾಪಿ ಕೆಲಸ. ತಿಥಿ ಹತ್ತಿರ ಬಂತೆಂದರೆ ಯಾರಾದರೊಬ್ಬರು ತೀರಿಕೊಂಡ ತಾತನ ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲಿಡುತ್ತಿದ್ದರು. ಮಡಿಚಿ ಮಡಿಚಿ ತಾತನ ಮೂಗಿನ ಮೇಲೇ ಗೆರೆ ಬಿದ್ದಿರುತ್ತಿತ್ತು. ಅಪ್ಪ ಅದನ್ನು ಗಾಜಿನಡಿ ಇಟ್ಟು, ಎರಡೂ ಕಡೆಯಿಂದ ಓರೆಯಾಗಿ ಲೈಟು ಬಿಟ್ಟು, ಮೇಲಿನಿಂದ ಫೋಟೋದ ಫೋಟೋ ತೆಗೆಯುತ್ತಿದ್ದರು. ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಗೆರೆ ಮುಚ್ಚಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡುವುದು.

ಇದೇ ಕೆಲಸವನ್ನು ನ್ಯೂಯಾರ್ಕಿನಲ್ಲಿ ಮಾಡಿ ಒಬ್ಬರು ಕಲೆಯ ಚರಿತ್ರೆಗೇ ಸೇರಿದ್ದಾರೆ ಅಂತ ನನಗೆ ಗೊತ್ತಾಗಿದ್ದು ನ್ಯೂಜೆರ್ಸಿಗೆ ಬಂದು, ಸಂಜೆ ಹೊತ್ತಿನ ಒಂದು ಕ್ಲಾಸಿಗೆ ಸೇರಿದ ಮೇಲೆ. ಶೆರಿ ಲೆವಿನ್ ಎನ್ನುವ ಕಲಾವಿದೆ ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ ತೆಗೆದಿದ್ದ ಹೆಸರಾಂತ ಚಿತ್ರಗಳನ್ನು ಒಂದು ಕ್ಯಾಟಲಾಗಿನಿಂದ ಮತ್ತೆ ಫೋಟೋ ತೆಗೆದು, 1981ರಲ್ಲಿ ಮೆಟ್ರೋ ಪಿಕ್ಚರ್ಸ್ ಗ್ಯಾಲರಿಯಲ್ಲಿ ತನ್ನವೇ ಎಂಬಂತೆ ತೂಗುಹಾಕಿದರು. ಪೆನ್ಸಿಲ್ ಇಲ್ಲ, ತಿದ್ದುಪಡಿ ಇಲ್ಲ. ಸರಣಿಯ ಹೆಸರೂ ಅಷ್ಟೇ ಸರಳ: ‘ವಾಕರ್ ಇವಾನ್ಸ್ ನಂತರ’.

ಈ ಧೈರ್ಯದ ಬೆನ್ನಿಗಿದ್ದದ್ದು ಫ್ರೆಂಚ್ ಚಿಂತಕ ರೋಲಾನ್ ಬಾರ್ತ್ ಬರೆದ ‘ಲೇಖಕನ ಸಾವು’ ಎಂಬ ಪ್ರಬಂಧ: ಬರಹದ ಅರ್ಥ ಹುಟ್ಟೋದು ಬರೆದವನಲ್ಲಿ ಅಲ್ಲ, ಓದುವವನಲ್ಲಿ ಅನ್ನೋ ವಾದ. ಕನ್ನಡ ಎಂಎ ಮಾಡುವಾಗ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಈ ಹೆಸರು ಬರೆದು ತಿರುಗಿದ ರೀತಿ ಇನ್ನೂ ನೆನಪಿದೆ, ಪ್ಯಾರಿಸ್ಸಿನಿಂದ ಸಿಡಿಲು ಬಡಿಯಿತು ಅನ್ನೋ ಥರ. ಆದರೆ ಆ ಪ್ರಬಂಧ ಮೊದಲು ಅಚ್ಚಾಗಿದ್ದು ಅಮೆರಿಕದಲ್ಲಿ, ಅದೂ ಇಂಗ್ಲಿಷಿನಲ್ಲಿ! ‘ಆಸ್ಪೆನ್’ ಅಂತ ಒಂದು ಪತ್ರಿಕೆ ಇತ್ತು, ಅದು ಬರುತ್ತಿದ್ದದ್ದೇ ಡಬ್ಬಿಯಲ್ಲಿ. 1967ರ ಜೋಡಿ ಸಂಚಿಕೆಯನ್ನು ಸಂಪಾದಿಸಿದ್ದು ಕಲಾವಿದ ಬ್ರಯನ್ ಒಡೊಹರ್ಟಿ. ಬಿಳೀ ಡಬ್ಬಿ, ಒಳಗೆ ಫಿಲ್ಮಿನ ಸುರುಳಿ, ಗ್ರಾಮಫೋನ್ ಪ್ಲೇಟು, ಸೂಸಾನ್ ಸೊಂಟಾಗ್ ಬರೆದ ಪ್ರಬಂಧ, ಜೊತೆಗೆ ರಿಚರ್ಡ್ ಹೊವರ್ಡ್ ಅನುವಾದಿಸಿದ ಬಾರ್ತ್. ಫ್ರೆಂಚಿನಲ್ಲಿ ಬಂದಿದ್ದು ಮರುವರ್ಷ. ಕಲಾವಿದರ ಡಬ್ಬಿಯಲ್ಲೇ ಕಣ್ಣುಬಿಟ್ಟ ಕೂಸು ಅದು. ಹಾಗಿದ್ದಮೇಲೆ ಅಮೆರಿಕದ ಕಲೆಯ ಮೇಲೆ ಫ್ರಾನ್ಸಿನ ಪ್ರಭಾವ ಅಂತ ಒಂದೇ ಮಾತಿನಲ್ಲಿ ಹೇಳಿಬಿಡೋದು ನನಗೆ ಯಾಕೋ ಸರಿ ಕಾಣುವುದಿಲ್ಲ.

ಓದುಗ ಹುಟ್ಟಬೇಕಾದರೆ ಲೇಖಕ ಸಾಯಬೇಕು ಅಂತ ಆ ಪ್ರಬಂಧ ಮುಗಿಯುತ್ತದೆ. 1982ರಲ್ಲಿ ಲೆವಿನ್ ಒಂದು ಹೇಳಿಕೆ ಬರೆದರು. ಅದರಲ್ಲಿ ಬಾರ್ತ್‌ನ ಸಾಲುಗಳೇ ಇವೆ. ಲೇಖಕ ಇದ್ದ ಕಡೆ ಚಿತ್ರಕಾರ, ಓದುಗ ಇದ್ದ ಕಡೆ ನೋಡುಗ. ಕಾಪಿಯ ಸಮರ್ಥನೆಯೂ ಕಾಪಿ. ಓದಿ ಜೋರಾಗಿ ನಕ್ಕಿದ್ದೆ. ಎಲ್ಲರಿಗೂ ಹೀಗೆ ದಕ್ಕಲಿಲ್ಲ. ಅಸಲು-ನಕಲಿನ ನಡುವಿನ ಗೆರೆಯೇ ಅಳಿಸಿಹೋಗಿದೆ ಎಂದ ಇನ್ನೊಬ್ಬ ಫ್ರೆಂಚ್ ಚಿಂತಕ ಬೋದ್ರಿಯಾರ್‌ನ ಕಪ್ಪು ರಟ್ಟಿನ ಪುಟ್ಟ ಪುಸ್ತಕ 1983ರಲ್ಲಿ ಇಂಗ್ಲಿಷಿಗೆ ಬಂದಾಗ ನ್ಯೂಯಾರ್ಕಿನ ಚಿತ್ರಕಾರ ಪೀಟರ್ ಹ್ಯಾಲಿಯಂಥವರು ಅದನ್ನು ತಲೆಮೇಲೆ ಹೊತ್ತರು. 1987ರಲ್ಲಿ ವಿಟ್ನಿ ಮ್ಯೂಸಿಯಂಗೆ ಮಾತಾಡಲು ಬಂದ ಬೋದ್ರಿಯಾರ್, ನನ್ನ ವಿಚಾರ ಇಟ್ಟುಕೊಂಡು ಚಿತ್ರಕಲೆಯ ಪಂಥ ಕಟ್ಟೋಕಾಗಲ್ಲ ಅಂದುಬಿಟ್ಟ. ಮದುವೆ ಗಂಡೇ ಮಂಟಪದಿಂದ ಎದ್ದುಹೋದ ಹಾಗಾಯಿತು.

ಇರಲಿ. ಮೊನ್ನೆ ಮೆಟ್ರೋಪಾಲಿಟನ್ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಲೆವಿನ್ ಸರಣಿಯ ಒಂದು ಚಿತ್ರ ತೆರೆದು, ಸ್ಕ್ರೀನ್‌ಶಾಟ್ ಹೊಡೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಹಲಗೆ ಗೋಡೆಗೆ ಬೆನ್ನು ಕೊಟ್ಟು, ತುಟಿ ಬಿಗಿಹಿಡಿದು ನೇರ ನೋಡುತ್ತಿರುವ ಹೆಂಗಸು. ಇವಾನ್ಸ್ ತೆಗೆದಿದ್ದರ ಕ್ಯಾಟಲಾಗ್ ಅಚ್ಚು, ಅದರ ಫೋಟೋ, ಅದರ ಸ್ಕ್ಯಾನು, ಅದರ ಸ್ಕ್ರೀನ್‌ಶಾಟು. ಅಷ್ಟು ಕೈ ದಾಟಿ ಅರಸೀಕೆರೆಗೆ ಹೋಯಿತು. ನಾನು ಲೇಖಕನ ಸಾವಿನ ಪುರಾಣ ಶುರುಮಾಡುವ ಮೊದಲೇ ಅಪ್ಪ ಫೋನ್ ಮಾಡಿದರು.

“ಯಾರ ಮನೆಯವರಮ್ಮ ಈಯಮ್ಮ?”

ಆ ಕ್ಲಾಸಿನಲ್ಲಿ ಯಾರೂ ಕೇಳದ ಪ್ರಶ್ನೆ. ನಾನೂ ಕೇಳಿರಲಿಲ್ಲ. ಆಕೆ ಆಲಿ ಮೇ ಬರೋಸ್. 1936ರಲ್ಲಿ ಅಲಬಾಮಾದ ಹೇಲ್ ಕೌಂಟಿಯಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದ ಮನೆಯ ಹೆಣ್ಣುಮಗಳು. 1941ರಲ್ಲಿ ಆ ಫೋಟೋಗಳು ಪುಸ್ತಕವಾದಾಗ ಆ ಮನೆಯವರ ಹೆಸರುಗಳನ್ನೆಲ್ಲ ಬದಲಾಯಿಸಿದ್ದರು. ಫೋಟೋ ಯಾರದ್ದು, ಇವಾನ್ಸ್‌ದೋ ಲೆವಿನ್‌ದೋ ಅಂತ ನಲವತ್ತು ವರ್ಷ ವಾದ ನಡೆದಿದೆ. ಸ್ಟುಡಿಯೋ ಬಾಗಿಲಿಗೆ ಬಂದವರಿಗೆ ಫೋಟೋ ಅಂದರೆ ಅದರಲ್ಲಿರೋರದ್ದು, ಅವರ ಮನೆಯವರದ್ದು.

ಅಪ್ಪನ ಕಾಲೆಳೆಯೋಣ ಅನ್ನಿಸಿತು. ಕಾಪಿಗೆ ಬರುತ್ತಿದ್ದ ಫೋಟೋಗಳ ಹಿಂದೆ ಹಾಸನದ್ದೋ ತಿಪಟೂರಿನದ್ದೋ ಬೇರೆ ಸ್ಟುಡಿಯೋ ಸೀಲು ಇರುತ್ತಿತ್ತು. ಅಪ್ಪ ತಮ್ಮ ಕಾಪಿಯ ಹಿಂದೆ ತಮ್ಮದೇ ಸೀಲು ಒತ್ತುತ್ತಿದ್ದರು.

“ನೀವೂ ಆ ಲೆವಿನ್ ಹಾಗೇ ಅಲ್ವಾ ಅಪ್ಪ? ಬೇರೆಯವರು ತೆಗೆದಿದ್ದಕ್ಕೆ ನಿಮ್ಮ ಹೆಸರು.”

“ಹೆಸರಿಗಲ್ಲ ಕಣಮ್ಮ ಅದು,” ಅಂದರು. “ಪ್ರಿಂಟು ಹಳದಿ ತಿರುಗಿದ್ರೆ ಯಾರ ಹತ್ರ ಬಂದು ಜಗಳ ಆಡ್ಬೇಕು ಅಂತ ಗೊತ್ತಿರ್ಬೇಕಲ್ಲ. ಅದಕ್ಕೆ ಸೀಲು.”