134ಕ್ಕೆ ನಿಂತ ಎಣಿಕೆ

14 ಅಕ್ಟೋಬರ್ 2025, ಮಂಗಳವಾರ, ರಾತ್ರಿ

ಬೆಳಗಿನ ಕೇಸ್ ಮುಗಿದು ಹತ್ತು ತಾಸು ಕಳೆಯಿತು. ಕೈಯ ನಡುಕ ಇನ್ನೂ ಪೂರ್ತಿ ನಿಂತಿಲ್ಲ.

ಪಂಪಿನ ಕೊಳವೆ ಕೂರಿಸಲು ಮಹಾಧಮನಿಗೆ ಹೊಲಿಗೆ ಹಾಕಿ ಆಗಿತ್ತು. ಶಸ್ತ್ರಚಿಕಿತ್ಸೆ ಮಾಡುವ ಸರ್ ಕೊಳವೆಯನ್ನು ಕೈಗೆತ್ತಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದ ಬಗ್ಗೆ, "ಹೆಪಾರಿನ್ ಆಯಿತಲ್ಲ?" ಎಂದರು. ಅರಿವಳಿಕೆಯ ಮೇಡಂ "ಆಯಿತು" ಎಂದರು. ನಾನು "ಪಂಪ್ ರೆಡಿ ಸರ್" ಎಂದೆ. ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಈ ಯಂತ್ರದ ಮುಂದೆ ಹದಿನಾಲ್ಕು ವರ್ಷದಿಂದ ಕುಳಿತವನು, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಎಣಿಸುವ ಎಸಿಟಿಯ ಕಡೆ ತಿರುಗಿಯೂ ನೋಡದೆ ಅಂದುಬಿಟ್ಟೆ.

"ಸರ್, ಎಸಿಟಿ 134ಕ್ಕೆ ನಿಂತಿದೆ."

ತರಬೇತಿಗೆ ಬಂದು ಮೂರು ವಾರವಾದ ಹುಡುಗಿ. ಹೆಪ್ಪುಗಟ್ಟಲು 480 ಸೆಕೆಂಡು ದಾಟಬೇಕಾದ ರಕ್ತ 134ಕ್ಕೇ ಹೆಪ್ಪುಗಟ್ಟಿದೆ ಎಂದರೆ ಹೆಪಾರಿನ್ ಮೈಗೆ ಸೇರಿಯೇ ಇಲ್ಲ. ಮೇಡಂ ಹೊದಿಕೆ ಎತ್ತಿ ನೋಡಿದರು. ಹೆಪಾರಿನ್ ಹೋಗುವ ನಳಿಕೆಯ ಜೋಡಣೆ ಸಡಿಲವಾಗಿತ್ತು; ಕೆಳಗಿನ ಬಟ್ಟೆಯಲ್ಲಿ ಅಂಗೈಯಗಲ ಒದ್ದೆ. ಆ ರಕ್ತವನ್ನು ಪಂಪಿಗೆ ಬಿಟ್ಟಿದ್ದರೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಆಕ್ಸಿಜನೇಟರ್‌ನೊಳಗೆ ಗಡ್ಡೆ ಕಟ್ಟುತ್ತಿತ್ತು.

ನಮ್ಮ ಸರ್ ಸಿಟ್ಟಿನವರು. ಕೊಳವೆಯನ್ನು ಟ್ರಾಲಿಯ ಮೇಲಿಟ್ಟು, ತಲೆ ಎತ್ತದೆ, "ಇನ್ನೊಮ್ಮೆ ಹೇಳಮ್ಮ, ಎಲ್ಲರಿಗೂ ಕೇಳಲಿ" ಎಂದರು. ಹೇಳಿದಳು. ಮತ್ತೆ ಹೆಪಾರಿನ್, ಮೂರು ನಿಮಿಷ. ಮತ್ತೆ ಎಣಿಕೆ, ಎಂಟು ನಿಮಿಷ. ಅಷ್ಟು ಹೊತ್ತೂ ಯಾರೂ ಮಾತನಾಡಲಿಲ್ಲ. ತೆರೆದ ಎದೆಯಲ್ಲಿ ಹೃದಯ ತನ್ನ ಪಾಡಿಗೆ ಬಡಿಯುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2008ರ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ. ಚರ್ಮಕ್ಕೆ ಕತ್ತಿ ಇಡುವ ಮುನ್ನ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕೆಂಬುದು ಅವುಗಳಲ್ಲೊಂದು. ದಿನವೂ ಜೊತೆಗಿರುವವರಿಗೆ ಇದೇಕೆ ಎಂದು ಎಷ್ಟೋ ಸಲ ಅವಸರ ಮಾಡಿದ್ದೇನೆ. ಆ ಪಟ್ಟಿ ಬಳಸಿದ ಎಂಟು ಆಸ್ಪತ್ರೆಗಳಲ್ಲಿ ಸಾವು ಶೇ. 1.5ರಿಂದ 0.8ಕ್ಕೆ ಇಳಿದದ್ದನ್ನು ಓದಿದ್ದೆ. ಆ ಲೆಕ್ಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಸೇರಿಲ್ಲ, ಹಾಗಾಗಿ ಅದು ನಮಗಲ್ಲ ಎಂದುಕೊಂಡಿದ್ದೆ. ಇಂದು ಬೆಳಿಗ್ಗೆ ಅವಳೂ ಹೆಸರು ಹೇಳಿದ್ದಳಂತೆ. ನನಗೆ ಕೇಳಿಸಿರಲಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳು ನೆನಪಾಗುತ್ತಿದ್ದಾರೆ. ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದಾರೆಂದು ಅರಿವಳಿಕೆ ವೈದ್ಯರೊಬ್ಬರು ವರ್ಷಗಟ್ಟಲೆ ಹೇಳಿದರು. ತನಿಖಾ ವರದಿ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಅವರು ಆಸ್ಟ್ರೇಲಿಯಾ ಸೇರಿ ವರ್ಷಗಳೇ ಕಳೆದಿದ್ದವು.

ಈಗಷ್ಟೇ ಐಸಿಯುನಿಂದ ಕರೆ ಬಂತು. ಕಳೆದ ಒಂದು ಗಂಟೆಯಲ್ಲಿ ಎದೆಯಿಂದ ರಕ್ತ ಹೊರಬಿಡುವ ಡ್ರೇನ್‌ಗೆ ಬಂದದ್ದು 40 ಮಿ.ಲೀ. ಮಾತ್ರ. ರೋಗಿ ಕಣ್ಣು ಬಿಟ್ಟು ಕಾಲ್ಬೆರಳು ಆಡಿಸಿದ್ದಾರೆ. ಕುರ್ಚಿಯಲ್ಲಿ ಹಾಗೇ ಕುಸಿದು ಕುಳಿತೆ.

ನಾಳೆ ಘಟನೆಯ ವರದಿ ಬರೆಯಬೇಕು. ನನ್ನ ಭಾಗವನ್ನು ನಾನೇ ಬರೆಯುತ್ತೇನೆ, ನೋಡದೆ "ರೆಡಿ" ಎಂದೆ ಎಂದು.

ಸಂಜೆ ಹೊರಡುವಾಗ ಅವಳನ್ನು ಕೇಳಿದೆ, "ಹೇಳಲು ಭಯವಾಗಲಿಲ್ಲವೇನಮ್ಮ?"

"ಆಯಿತು ಸರ್. ಎರಡು ಸಲ ಬಾಯಿಯವರೆಗೆ ಬಂದು ನಿಂತುಬಿಟ್ಟಿತು."

ಎರಡು ಸಲ. ಎಂದರೆ ನಾನು "ರೆಡಿ" ಎನ್ನುವ ಮೊದಲೇ ಅವಳಿಗೆ ಗೊತ್ತಿತ್ತು. ನನ್ನ ಮುಖ ನೋಡಿಯೇ ಅವಳು ಸುಮ್ಮನಾದಳೋ, ಅಥವಾ