ಹಿಡಿದಿದೆ ಅಂದೆ, ನೋಡಿರಲಿಲ್ಲ

ಕೆರಿಬಿಯನ್ ಕಡಲಿನ ಬೆಕ್ವೇ ದ್ವೀಪ, ರಾತ್ರಿ ಎರಡು ಗಂಟೆ. ನನ್ನನ್ನು ಎಬ್ಬಿಸಿದ್ದು ಅಲಾರಂ ಅಲ್ಲ, ನೀರಿನ ಸದ್ದು. ಲಂಗರು ಹಾಕಿ ನಿಂತ ಬೋಟು ಗಾಳಿಗೆ ಮುಖ ಕೊಟ್ಟು ನಿಂತಿರುತ್ತದೆ, ಅಲೆ ಮುಂದಿನಿಂದ ಬಡಿಯುತ್ತದೆ. ಆವತ್ತು ಪಕ್ಕದಿಂದ ಬಡಿಯುತ್ತಿತ್ತು. ಮಲಗಿದ್ದಲ್ಲೇ ಹೊಟ್ಟೆಯಲ್ಲಿ ಚಳಿ ಎದ್ದಿತು. ಲಂಗರು ಕಿತ್ತಿದೆ, ನಾವು ತೇಲುತ್ತಿದ್ದೇವೆ.

ನಾನು ಕರಾವಳಿಯವನು. ಹತ್ತು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ, ಆಮೇಲೆ ಕೆರಿಬಿಯನ್ನಿನಲ್ಲಿ 45 ಅಡಿಯ ಒಂದು ಹಾಯಿ ಕ್ಯಾಟಮರಾನ್ (ಜೋಡಿ ಒಡಲಿನ ಬೋಟು) ಸೇರಿದೆ. ಕ್ಯಾಪ್ಟನ್, ಅಡುಗೆಯವಳು, ನಾನು. ಮೂರೇ ಜನ. ವಾರಕ್ಕೊಮ್ಮೆ ನಾಲ್ಕೈದು ಅತಿಥಿಗಳು ಬರುತ್ತಾರೆ. ಗ್ರೆನಡಾದಿಂದ ಸೇಂಟ್ ಲೂಸಿಯಾವರೆಗೆ ದ್ವೀಪದಿಂದ ದ್ವೀಪಕ್ಕೆ ಹೋಗುವುದು, ಅಲ್ಲೇ ಮಲಗುವುದು, ಅಲ್ಲೇ ಉಣ್ಣುವುದು. ಊರಿನಲ್ಲಿ ಫೋಟೋ ನೋಡಿದವರು 'ನಿನ್ನದೇ ಜೀವನ ಮಾರಾಯ' ಅನ್ನುತ್ತಾರೆ. ಆ ಫೋಟೋ ತೆಗೆಯುವ ಹತ್ತು ನಿಮಿಷ ಮುಂಚೆ ನಾನು ಟಾಯ್ಲೆಟ್ ಪಂಪಿನೊಳಗೆ ಕೈ ಹಾಕಿ ಕೂತಿದ್ದೆ ಅಂತ ಯಾರಿಗೂ ಹೇಳಿಲ್ಲ.

ಆವತ್ತಿನ ಸಂಜೆಗೆ ಬರುತ್ತೇನೆ. ಬೆಕ್ವೇಯ ಅಡ್ಮಿರಾಲ್ಟಿ ಕೊಲ್ಲಿ ಪಶ್ಚಿಮಕ್ಕೆ ತೆರೆದುಕೊಂಡಿದೆ. ಇಲ್ಲಿ ಗಾಳಿ ಹೆಚ್ಚುಕಡಿಮೆ ವರ್ಷವಿಡೀ ಪೂರ್ವದ ಕಡೆಯಿಂದ, ಅಂದರೆ ಗುಡ್ಡದ ಕಡೆಯಿಂದ. ಹಾಗಾಗಿ ಕೊಲ್ಲಿಯೊಳಗೆ ಅಲೆ ಜಾಸ್ತಿ ಇಲ್ಲ, ನೆಮ್ಮದಿ. ಆದರೆ ಲಂಗರು ಕಿತ್ತರೆ ಹಿಂದೆ ನಿಂತ ಬೋಟುಗಳ ಮೇಲೆ, ಅದೂ ತಪ್ಪಿದರೆ ಸೀದಾ ಕಡಲಿಗೆ. ತಳದಲ್ಲಿ ಕೆಲವು ಕಡೆ ಒಳ್ಳೇ ಮರಳು, ಕೆಲವು ಕಡೆ ಕಡಲಹುಲ್ಲು. ಮೇಲಿನಿಂದ ಮರಳು ತಿಳಿನೀಲಿ, ಹುಲ್ಲು ಕಪ್ಪು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಸೂರ್ಯ ನೆತ್ತಿಯ ಮೇಲಿದ್ದಾಗ, ಇದನ್ನು ಮಗು ಕೂಡ ಗುರುತು ಹಿಡಿಯುತ್ತದೆ. ನಾವು ಮುಟ್ಟಿದ್ದು ಸಂಜೆ ಐದೂವರೆಗೆ. ಎಲ್ಲವೂ ಬೆಳ್ಳಿ ತಟ್ಟೆ.

ಲಂಗರು ಬಿಟ್ಟೆ. ಆಳ 5 ಮೀಟರ್. ಚೈನ್ 30 ಮೀಟರ್ ಕೊಟ್ಟೆ. ಲೆಕ್ಕ ಮಾಡುವಾಗ ನೀರಿನ ಆಳ ಮಾತ್ರ ಅಲ್ಲ, ನೀರಿನಿಂದ ಬೋಟಿನ ಮೂತಿಯವರೆಗಿನ ಎತ್ತರವನ್ನೂ ಸೇರಿಸಬೇಕು. ನಮ್ಮದು ಒಂದೂವರೆ ಮೀಟರ್. ಒಟ್ಟು ಆರೂವರೆ ಮೀಟರ್, ಅದರ ಐದು ಪಟ್ಟು ಚೈನ್ ಅಂದರೂ ಮೂವತ್ತೆರಡು ಮೀಟರ್ ದಾಟುತ್ತದೆ, ರಾತ್ರಿ ಉಳಿಯುವುದಾದರೆ ಏಳು ಪಟ್ಟು ಒಳ್ಳೆಯದು. ಇದು ನನಗೆ ಗೊತ್ತಿತ್ತು. ಪಕ್ಕದ ಬೋಟು ಹತ್ತಿರ ಇದೆ ಅಂತ ಕಡಿಮೆ ಕೊಟ್ಟೆ. ಕ್ಯಾಪ್ಟನ್ ಎಂಜಿನ್ ಹಿಂದಕ್ಕೆ ಹಾಕಿ ಎಳೆದರು. ಚೈನ್ ಬಿಗಿಯಾಯಿತು, ಬೋಟು ನಿಂತಿತು. ಇನ್ನು ಒಂದೇ ಕೆಲಸ ಬಾಕಿ. ಈಜು ಕನ್ನಡಕ ಹಾಕಿ ನೀರಿಗೆ ಹಾರಿ, ಲಂಗರು ಹೇಗೆ ಕೂತಿದೆ ಅಂತ ನೋಡಿ ಬರುವುದು. ಐದು ನಿಮಿಷದ ಕೆಲಸ. ಆದರೆ ನಾನು ಆಗತಾನೇ ಸ್ನಾನ ಮಾಡಿದ್ದೆ.

ಇದು ಕ್ಷುಲ್ಲಕ ಅನ್ನಿಸಬಹುದು. ಬೋಟಿನಲ್ಲಿ ಸ್ನಾನ ಅಂದರೆ ಏನು ಅಂತ ಕೇಳಿ. ಎಂಟು ಜನರಿಗೆ 600 ಲೀಟರ್ ಸಿಹಿನೀರು. ಪಾತ್ರೆ ತೊಳೆಯುವುದು ಉಪ್ಪು ನೀರಲ್ಲಿ, ಕೊನೆಗೊಮ್ಮೆ ಸಿಹಿನೀರು ತೋರಿಸುವುದು. ಮೈಗೂ ಅದೇ ಮರ್ಯಾದೆ. ಮೊದಲು ಕಡಲಿಗೆ ಹಾರಿ ಸೋಪು ಹಚ್ಚಿಕೊಂಡು, ಆಮೇಲೆ ಎರಡು ಚೊಂಬು. ಮತ್ತೆ ನೀರಿಗಿಳಿದರೆ ಮತ್ತೆ ಎರಡು ಚೊಂಬು ಬೇಕು, ಇಲ್ಲವಾದರೆ ರಾತ್ರಿಯಿಡೀ ಉಪ್ಪು ಅಂಟಿಕೊಂಡ ಮೈಯಲ್ಲಿ ಮಲಗಬೇಕು.

ಕ್ಯಾಪ್ಟನ್ ಕೇಳಿದರು, 'ಹಿಡಿದಿದೆಯಾ?' 'ಹಿಡಿದಿದೆ' ಅಂದೆ.

ನಡುರಾತ್ರಿ ದಾಟಿದ ಮೇಲೆ ಗುಡ್ಡದ ಮೇಲಿಂದ ಮಳೆಗಾಳಿ ಇಳಿಯಿತು. ಸಂಜೆ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಇದ್ದದ್ದು 30 ಆಯಿತು. ಗಾಳಿ ಎರಡು ಪಟ್ಟಾದರೆ ಅದು ಬೋಟನ್ನು ತಳ್ಳುವ ಬಲ ನಾಲ್ಕು ಪಟ್ಟು. ಸಂಜೆ ಎಂಜಿನ್ನಿನಿಂದ ಎಳೆದಾಗ ಲಂಗರು ಹಿಡಿದದ್ದು ಮಣ್ಣನ್ನಲ್ಲ, ಹುಲ್ಲಿನ ಬೇರನ್ನು. ಅಲಾರಂ? ಇತ್ತು, ಬೋಟು ಗೊತ್ತುಮಾಡಿದ ವೃತ್ತದಾಚೆ ಹೋದರೆ ಕೂಗುವಂಥದ್ದು. ಹಿಂದಿನ ರಾತ್ರಿ ಸುಮ್ನೆ ಸುಮ್ನೆ ಕೂಗಿ ನಿದ್ದೆ ಕೆಡಿಸುತ್ತದೆ ಅಂತ ಅದರ ವೃತ್ತವನ್ನು 80 ಮೀಟರಿಗೆ ದೊಡ್ಡದು ಮಾಡಿದ್ದು ನಾನೇ.

ಹಿಂದಿದ್ದ ಬೋಟಿನ ಪಕ್ಕ ಹತ್ತಡಿ ದೂರದಲ್ಲಿ ಹಾದುಹೋದೆವು. ಅದರ ಡೆಕ್ಕಿನ ಮೇಲೆ ಒಣಹಾಕಿದ್ದ ಟವೆಲ್ಲಿನ ಪಟ್ಟೆಗಳು ಇವತ್ತಿಗೂ ಕಣ್ಣಿಗೆ ಕಟ್ಟಿವೆ. ಅತಿಥಿಗಳಲ್ಲಿ ಒಬ್ಬರು ದಿಂಬು ಹಿಡಿದುಕೊಂಡೇ ಹೊರಗೆ ಬಂದು ನಿಂತಿದ್ದರು. ಲಂಗರು ಮೇಲೆತ್ತಿದಾಗ ಅದರ ತುಂಬ ಒಂದು ಬುಟ್ಟಿ ಹುಲ್ಲು, ಬೇರು ಸಮೇತ, ಗದ್ದೆಯಿಂದ ನೇಜಿ ಕಿತ್ತ ಹಾಗೆ. ಮಳೆಯಲ್ಲಿ ಎರಡನೇ ಸಲ ಹಾಕಿದೆವು, ಜಾರಿತು. ಮೂರನೇ ಸಲ ಕೂತಿತು. ಆಗ ಟಾರ್ಚ್ ಹಿಡಿದು ನೀರಿಗೆ ಹಾರಿದೆ. ಸ್ನಾನದ ನೆನಪು ಬರಲಿಲ್ಲ.

ಬೆಳಗ್ಗೆ ಬೈಗುಳಕ್ಕೆ ಕಾಯುತ್ತಿದ್ದೆ. ಕ್ಯಾಪ್ಟನ್ ಕಾಫಿ ಕೊಟ್ಟು ಹೇಳಿದ್ದು ಇಷ್ಟೇ. 'ಇವತ್ತಿನಿಂದ ನನಗೆ ಸರಿ ಇದೆ, ಹಿಡಿದಿದೆ ಅಂತ ಹೇಳಬೇಡ. ಏನು ನೋಡಿದೆ ಅಂತ ಹೇಳು.'

ದೊಡ್ಡ ಹಡಗಿನಲ್ಲಿ ನನ್ನ ಅಭ್ಯಾಸವೇ ಬೇರೆ ಇತ್ತು. ಅಲ್ಲಿ ಚೆಕ್‌ಲಿಸ್ಟ್ ಇರುತ್ತದೆ, ಟಿಕ್ ಹಾಕುತ್ತೇವೆ. ಸುಳ್ಳೇಕೆ ಹೇಳಲಿ, ಕೆಲವು ಟಿಕ್ಕುಗಳು ಪಂಪಿನ ಹತ್ತಿರ ಹೋಗುವ ಮೊದಲೇ ಬಿದ್ದಿರುತ್ತಿದ್ದವು. ನನ್ನ ನಂತರ ಇನ್ನೊಬ್ಬ ನೋಡುತ್ತಾನೆ, ಅವನ ಮೇಲೆ ಸೆಕೆಂಡ್ ಎಂಜಿನಿಯರ್, ಅವರ ಮೇಲೆ ಚೀಫ್. ಇಪ್ಪತ್ತು ಜನರಲ್ಲಿ ನನ್ನ ಸೋಮಾರಿತನ ಕರಗಿ ಹೋಗುತ್ತಿತ್ತು. ಮೂರು ಜನರ ಬೋಟಿನಲ್ಲಿ ಅದು ಕರಗುವುದಿಲ್ಲ, ರಾತ್ರಿ ಎರಡು ಗಂಟೆಗೆ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

ಹೊಸ ರೀತಿಯಲ್ಲಿ ಹೇಳುವುದು ಮೊದಮೊದಲು ನಾಟಕದ ಡೈಲಾಗಿನ ಹಾಗೆ ಅನ್ನಿಸುತ್ತಿತ್ತು. 'ಲಂಗರಿನ ಮೊನೆ ಪೂರ್ತಿ ಮರಳಲ್ಲಿ ಹೂತಿದೆ, ಚೈನ್ ಪೂರ್ವದ ಕಡೆಗೆ ಬಿದ್ದಿದೆ, ಬಲಕ್ಕೆ ಎರಡು ಮಾರು ದೂರದಲ್ಲಿ ಒಂದು ಕಲ್ಲು.' ಬ್ಯಾಟರಿ ಚೆನ್ನಾಗಿದೆ ಅನ್ನುವ ಹಾಗಿಲ್ಲ, 12.5 ವೋಲ್ಟ್ ಅನ್ನಬೇಕು. ತಮಾಷೆ ಏನೆಂದರೆ, ಹೀಗೆ ಹೇಳಬೇಕು ಅಂದ ಕೂಡಲೇ ನೋಡದೆ ಬೇರೆ ದಾರಿಯೇ ಇರಲಿಲ್ಲ. 'ಹಿಡಿದಿದೆ' ಅನ್ನುವುದನ್ನು ಸೋಫಾದ ಮೇಲೆ ಕೂತು ಹೇಳಬಹುದು. ಕಲ್ಲು ಎಷ್ಟು ದೂರ ಇದೆ ಅಂತ ಕೂತಲ್ಲಿಂದ ಹೇಳಲಿಕ್ಕೆ ಆಗುವುದಿಲ್ಲ, ಅಲ್ವಾ?

ನೋಡದೆ ನಂಬುವ ಈ ರೋಗ ನನಗೊಬ್ಬನಿಗೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಆಗ ದಕ್ಷಿಣಕ್ಕೆ, ಗ್ರೆನಡಾದ ಸುತ್ತಮುತ್ತ ಇಳಿದುಬಿಟ್ಟರೆ ಆಯಿತು ಅಂತ ಬಹಳ ಜನ ನಂಬಿಕೊಂಡಿರುತ್ತಾರೆ. 2004ರಲ್ಲಿ ಐವನ್ ಚಂಡಮಾರುತ ಅದೇ ಗ್ರೆನಡಾವನ್ನು ಹೊಡೆದಿತ್ತು. 2024ರ ಜುಲೈ 1ರಂದು ಬೆರಿಲ್ ಪಕ್ಕದ ಕಾರಿಯಾಕೂ ದ್ವೀಪಕ್ಕೆ ನಾಲ್ಕನೇ ದರ್ಜೆಯ ಬಿರುಗಾಳಿಯಾಗಿ ಅಪ್ಪಳಿಸಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಟ್ಟಿಹಾಕಿದ್ದ ಬೋಟುಗಳು ಒಂದರ ಮೇಲೊಂದು ರಾಶಿ ಬಿದ್ದವು.

ಅಡುಗೆಯವಳಿಗೆ ನೋಡಿಯೇ ನಂಬುವ ಈ ಪಾಠ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಕ್ವೇಯ ಪಕ್ಕದ ಸೇಂಟ್ ವಿನ್ಸೆಂಟ್ ದ್ವೀಪದ ಹೆಂಗಸು. ರಟ್ಟಿನ ಪೆಟ್ಟಿಗೆ ಬೋಟಿನೊಳಗೆ ಬರುವ ಹಾಗೇ ಇಲ್ಲ, ಅದರ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ತರಕಾರಿಯೆಲ್ಲ ಕಟ್ಟೆಯ ಮೇಲೇ ಸುರಿದು, ಒಂದೊಂದೇ ತಿರುವಿ ನೋಡಿ, ತೊಳೆದು ಒಳಗೆ. ಅದರಲ್ಲಿ ಬ್ರೆಡ್‌ಫ್ರೂಟ್ ಕಂಡು ನಾನು ಕುಣಿದಿದ್ದೆ, ನಮ್ಮ ಜೀಗುಜ್ಜೆ! 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ದ್ವೀಪಗಳಿಂದ ಅದರ ಗಿಡಗಳನ್ನು ಹಡಗಿನಲ್ಲಿ ಸೇಂಟ್ ವಿನ್ಸೆಂಟಿಗೆ ತಂದನಂತೆ, ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ. ಈಗ ಅದು ಅವರ ಮನೆಯ ಊಟ. ನಾನು ಅವಳಿಗೆ ಜೀಗುಜ್ಜೆ ಪೋಡಿ (ಬಜ್ಜಿ) ಕಲಿಸಿದೆ, ಅವಳು ಕೆಂಡದ ಮೇಲೆ ಇಡಿಯಾಗಿ ಸುಡುವುದು ಕಲಿಸಿದಳು. ಪೋಡಿಯೇ ಮೇಲು ಅಂತ ನನ್ನ ತೀರ್ಪು, ಅವಳು ಒಪ್ಪುವುದಿಲ್ಲ.

ಮುಂದಿನ ತಿಂಗಳು ಸೇಂಟ್ ಲೂಸಿಯಾದ ಒಂದು ಕೊಲ್ಲಿಯಲ್ಲಿ ನಿಂತೆವು. ಹಿಂದಿನ ದಿನ ಜೋರು ಮಳೆ, ನೀರೆಲ್ಲ ಕೆಂಪು. ಲಂಗರು ಹಾಕಿ ಹಾರಿದೆ. ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಚೈನ್ ಹಿಡಿದು ಇಳಿದೆ, ಕಿವಿ ನೋಯಿತು, ಕೆಸರು ತಾಗಿತು, ಉಸಿರು ಮುಗಿಯಿತು. ಮೂರು ಸಲ ಇಳಿದೆ. ಮೇಲೆ ಬಂದು ಏಣಿ ಹಿಡಿದುಕೊಂಡೆ. ಚೈನ್ ಈ ಸಲ 45 ಮೀಟರ್ ಇತ್ತು, ಎಂಜಿನ್ ಎಳೆದಾಗ ಬೋಟು ಕದಲಿರಲಿಲ್ಲ. ಹಿಡಿದಿದೆ ಅಂತ ನೂರಕ್ಕೆ ತೊಂಬತ್ತು ನನಗೆ ಅನ್ನಿಸಿತ್ತು.

'ಕಾಣಲಿಲ್ಲ' ಅಂದೆ.

ಕ್ಯಾಪ್ಟನ್ ಮುಖ ಬಿಗಿಯಾಯಿತು. ಕಾಣಲಿಲ್ಲ ಅಂದರೆ ರಾತ್ರಿ ಕಾವಲು. ಮೂವರೂ ಸರದಿಯಲ್ಲಿ ಎರಡೆರಡು ಗಂಟೆ. ನನ್ನದು ಎರಡರಿಂದ ನಾಲ್ಕು. ದಡದಲ್ಲಿ ಒಂದು ದೀಪ, ಅದರ ಹಿಂದೆ ಒಂದು ತೆಂಗಿನ ಮರ. ಅವೆರಡೂ ಒಂದೇ ಗೆರೆಯಲ್ಲಿ ಇವೆಯಾ ಅಂತ ನೋಡುತ್ತಾ ಕೂತೆ. ಊರಲ್ಲಿ ಅಜ್ಜ ಬಲೆ ಹಾಕುವ ಜಾಗ ಗುರುತು ಇಟ್ಟುಕೊಳ್ಳುತ್ತಿದ್ದದ್ದೂ ಹೀಗೇ, ಗುಡ್ಡ ಮತ್ತು ಮರ ಜೋಡಿಸಿ. ದೀಪ ಕದಲಲಿಲ್ಲ, ಮರವೂ ಕದಲಲಿಲ್ಲ. ನಾಲ್ಕು ಗಂಟೆಗೆ ಅಡುಗೆಯವಳು ಕಣ್ಣುಜ್ಜುತ್ತಾ ಬಂದು, ಏನಾಯಿತು ಅಂತ ಕೇಳಿದಳು. ಏನೂ ಆಗಲಿಲ್ಲ ಅಂದೆ. ಇಷ್ಟಕ್ಕೆ ನನ್ನ ನಿದ್ದೆ ಹಾಳು ಮಾಡಿದೆಯಾ ಅಂತ ಬೈದು, ನನ್ನ ಕುರ್ಚಿಯಲ್ಲಿ ಕೂತು, ಯಾವ ಮರ ತೋರಿಸು ಅಂದಳು.