ಹೆಬ್ಬೆರಳು ಎತ್ತಿದವರೆಲ್ಲ ಗೋದಾಮಿಗೆ ಹೋಗಿರಲಿಲ್ಲ

ಹುಬ್ಬಳ್ಳಿಯಲ್ಲಿ ಹನಿ ನೀರಾವರಿ ಸಾಮಗ್ರಿ ಮಾರುವ ಸಂಸ್ಥೆಯೊಂದರಲ್ಲಿ ನಾನು ಮೇಲ್ವಿಚಾರಕ. ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಓಡಾಡುವ 14 ಹುಡುಗರೊಂದಿಗೆ ನನ್ನ ವ್ಯವಹಾರವೆಲ್ಲ ನಡೆಯುವುದು ಒಂದು ವಾಟ್ಸಾಪ್ ಗ್ರೂಪಿನಲ್ಲಿ. ಬೆಳಿಗ್ಗೆ ಯಾರು ಮೊದಲು ನಮಸ್ಕಾರ ಹಾಕಿದರು, ಯಾರು ಹೊಲದ ಫೋಟೊ ಕಳಿಸಿದರು ಎಂಬುದನ್ನು ನೋಡಿಯೇ ಯಾರು ಚುರುಕು, ಯಾರು ಮಂದ ಎಂದು ನಾನು ವರ್ಷಗಟ್ಟಲೆ ಅಳೆಯುತ್ತಿದ್ದೆ. ಇನ್‌ಕ್ರಿಮೆಂಟಿನ ಶಿಫಾರಸಿನೊಳಗೂ ಆ ಅಳತೆ ನುಸುಳಿತ್ತೆಂದು ಒಪ್ಪಿಕೊಳ್ಳಬೇಕು.

ಕಳೆದ ಹಂಗಾಮಿನಲ್ಲಿ ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲವೊಂದಕ್ಕೆ 16 ಎಂಎಂ ಪೈಪಿನ ಲೋಡ್ ಹೊರಡುವುದಿತ್ತು. ‘ಲೋಡ್ ಚೆಕ್ ಮಾಡಿರಿ’ ಎಂದು ಹಾಕಿದ ಎರಡೇ ನಿಮಿಷದಲ್ಲಿ ಒಂಬತ್ತು ಹೆಬ್ಬೆರಳುಗಳು ಬಂದವು. ಗ್ರೂಪಿನಲ್ಲಿ ಎಂದೂ ತುಟಿ ಬಿಚ್ಚದ ಫಿಟ್ಟರ್ ಒಬ್ಬ ಮಾತ್ರ ಗೋದಾಮಿಗೆ ಹೋಗಿ, ಪೈಪಿಗೆ ಟೇಪು ಹಿಡಿದು, ನೀರು ತೊಟ್ಟಿಕ್ಕುವ ಒಂದು ಡ್ರಿಪ್ಪರಿನಿಂದ ಇನ್ನೊಂದು ಡ್ರಿಪ್ಪರಿಗೆ 30 ಸೆಂಟಿಮೀಟರ್ ಇರಬೇಕಾದಲ್ಲಿ 60 ಇರುವುದನ್ನು ಫೋಟೊ ತೆಗೆದು, ರಾತ್ರಿ ಹನ್ನೊಂದಕ್ಕೆ ನನಗೊಬ್ಬನಿಗೇ ಕಳಿಸಿದ್ದ. ನಾನು ಅದನ್ನು ನೋಡುವಷ್ಟರಲ್ಲಿ ಗಾಡಿ ಹೊಲ ಮುಟ್ಟಿತ್ತು. ಮರಳಿ ತರಿಸಿದ ಬಾಡಿಗೆ ನಮ್ಮ ಮೈಮೇಲೆಯೇ ಬಿತ್ತು.

ಗ್ರೂಪಿನಲ್ಲಿ ಏಕೆ ಹಾಕಲಿಲ್ಲವೆಂದು ಕೇಳಿದೆ. “ಎಲ್ಲಾರ ಮುಂದ ಹಾಕಿದ್ರ ಗೋದಾಮಿನ ಅಣ್ಣಾರ ಮಾನ ಹೋಗ್ತದಲ್ರೀ ಸರ್” ಎಂದ.

ಆಮೇಲೆ ಈ ವಿಷಯವನ್ನು ಸ್ವಲ್ಪ ಓದಿದೆ. ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯಲು ಬಳಸುವ ಐದು ಗುಣಗಳಲ್ಲಿ ಬಹಿರ್ಮುಖತೆ ಒಂದು, ಕರ್ತವ್ಯನಿಷ್ಠೆ ಇನ್ನೊಂದು. ಒಂದು ಹೆಚ್ಚಿದ್ದವರಲ್ಲಿ ಇನ್ನೊಂದೂ ಹೆಚ್ಚಿರಬೇಕೆಂದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಜನ ಮುಖವಾಡ ಹಾಕಿಕೊಳ್ಳುತ್ತಾರೆ ಎಂಬುದು ರೂಢಿಯ ಮಾತಾದರೂ, ಅಮೆರಿಕ ಮತ್ತು ಜರ್ಮನಿಯ 236 ಬಳಕೆದಾರರ ಪ್ರೊಫೈಲುಗಳ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವು, ಅಲ್ಲಿ ಕಾಣುವುದು ಅವರು ಬಯಸುವ ರೂಪಕ್ಕಿಂತ ಅವರ ನಿಜವಾದ ಸ್ವಭಾವವೇ ಎಂದು ಕಂಡುಕೊಂಡಿತು. ನಮ್ಮ ಗ್ರೂಪೂ ಸುಳ್ಳು ಹೇಳಿರಲಿಲ್ಲ. ಯಾರು ಮಾತುಗಾರರೆಂದು ಅದು ತೋರಿಸುತ್ತಿತ್ತು. ಯಾರು ಕೆಲಸಗಾರರೆಂದು ತೋರಿಸುತ್ತಿದೆ ಎಂದು ನಾನು ಓದಿಕೊಂಡಿದ್ದೆ. ಹಾಗೆಂದು ಮಾತುಗಾರರು ದಂಡವಲ್ಲ. ಗಿರ್ಮಿಟ್ ತಟ್ಟೆಯ ಫೋಟೊ ಹಾಕುವ ಹುಡುಗನೇ ನಮಗೆ ಹೆಚ್ಚು ರೈತರನ್ನು ಕರೆತರುತ್ತಾನೆ.

ಈಗ ಲೋಡಿನ ತಪಾಸಣೆಗೆ ಹೆಬ್ಬೆರಳು ನಡೆಯುವುದಿಲ್ಲ. ಟೇಪು ಹಿಡಿದ ಫೋಟೊ ನೇರವಾಗಿ ನನ್ನ ನಂಬರಿಗೆ ಬರಬೇಕು, ಅದನ್ನು ನೋಡದೆ ನಾನು ಗಾಡಿ ಬಿಡಿಸುವುದಿಲ್ಲ. ಆ ಫಿಟ್ಟರನನ್ನು ಗ್ರೂಪಿನಲ್ಲಿ ಹೆಸರು ಹಿಡಿದು ಹೊಗಳಿದ್ದು ಮಾತ್ರ ನನ್ನ ಎರಡನೆಯ ತಪ್ಪು. ಎಲ್ಲರೂ ಚಪ್ಪಾಳೆ ಕಳಿಸಿದರು. ಅವನು ಎರಡು ದಿನ ಗ್ರೂಪ್ ತೆರೆಯಲೇ ಇಲ್ಲ. ಮೂರನೆಯ ದಿನ ಮುಂದಿನ ಲೋಡಿನ ಫೋಟೊ, ಒಂದಕ್ಷರವೂ ಇಲ್ಲದೆ, ನನ್ನ ನಂಬರಿಗೆ ಬಂತು.